ಅಡಿಗೆಮನೆಯ ಕುಕ್ಕರೂ ಪೂಜೆಯ ಪಾತ್ರೆಯೂ



ಭಾನುವಾರ ಬೆಳಿಗ್ಗೆ ಬಲಿಪೂಜೆಗೆ ಹೊರಡುವ ಅವಸರದಲ್ಲಿ ಒಲೆಯ ಮೇಲಿನ ಕುಕ್ಕರ್ ಎಷ್ಟು ಸಲ ಕೂಗಿತೆಂದು ನಿಮ್ಮ ಮನೆಯಲ್ಲಿ ಲೆಕ್ಕ ಇಡುವವರು ಯಾರು? ಹೆಚ್ಚಿನ ಮನೆಗಳಲ್ಲಿ ತಾಯಿ ಒಬ್ಬಳೇ. ಅವಳು ನೀರು ತರಲು ಹಿತ್ತಲಿಗೆ ಹೋದರೆ ಒಲೆ ಸಣ್ಣ ಮಾಡಲು ಇನ್ನೊಬ್ಬರಿಗೆ ತಿಳಿಯದು. ದಿನವೂ ನಮ್ಮ ಹಸಿವು ತಣಿಸುವ ಈ ಪಾತ್ರೆ ಅಸಡ್ಡೆ ಮಾಡಿದರೆ ಮೈ ಸುಡಬಲ್ಲದು, ಪ್ರಾಣಕ್ಕೂ ಎರವಾಗಬಲ್ಲದು. ಆದುದರಿಂದ ಈ ವಾರ ಅದರ ಬಗ್ಗೆಯೇ ಕಲಿಯೋಣ.

ಸಂತರ ಅಡಿಗೆಮನೆ

ಸಂತ ಬೆನೆಡಿಕ್ಟರು ಆರನೆಯ ಶತಮಾನದಲ್ಲಿ ತಮ್ಮ ಮಠವಾಸಿಗಳಿಗಾಗಿ ಒಂದು ನಿಯಮಾವಳಿಯನ್ನು ಬರೆದರು. ಅದರ 31ನೆಯ ಅಧ್ಯಾಯವು ಮಠದ ಉಗ್ರಾಣಿಕನ ಕರ್ತವ್ಯವನ್ನು ತಿಳಿಸುತ್ತದೆ. ಮಠದ ಎಲ್ಲ ಪಾತ್ರೆ ಪರಿಕರಗಳನ್ನು ಆತನು ಬಲಿಪೀಠದ ಪವಿತ್ರ ಪಾತ್ರೆಗಳಂತೆಯೇ ಕಾಣಬೇಕು ಎನ್ನುತ್ತಾರೆ ಸಂತರು. 35ನೆಯ ಅಧ್ಯಾಯದಲ್ಲಿ ಅಡಿಗೆಯ ಸರದಿಯ ಮಾತಿದೆ. ಕಾಯಿಲೆಯವರು ಮತ್ತು ಬಹುಮುಖ್ಯ ಕಾರ್ಯದಲ್ಲಿರುವವರನ್ನು ಬಿಟ್ಟು ಎಲ್ಲರೂ ಅಡಿಗೆಮನೆಯಲ್ಲಿ ಸೇವೆ ಮಾಡಬೇಕು. ಸರದಿ ಮುಗಿಸಿದವನು ಶನಿವಾರ ಪಾತ್ರೆಗಳನ್ನು ತೊಳೆದು, ಊನವಿಲ್ಲದಂತೆ ಒಪ್ಪಿಸಬೇಕು.

ಇದರಲ್ಲಿ ನಮಗೆ ಎರಡು ಪಾಠಗಳಿವೆ. ಪಾತ್ರೆಯನ್ನು ಜೋಪಾನ ಮಾಡುವುದು ಅದರಲ್ಲಿ ಉಣ್ಣುವವರನ್ನು ಜೋಪಾನ ಮಾಡಿದಂತೆ. ಆ ಜೋಪಾನ ಒಬ್ಬರ ಹೊರೆಯಾಗಬಾರದು, ಎಲ್ಲರದೂ ಆಗಬೇಕು.

ಕೊಳ್ಳುವಾಗ

ನೆರೆಮನೆಯಲ್ಲಿ ಇದೆಯೆಂದು ದೊಡ್ಡದನ್ನು ತರಬೇಡಿ. ಇಬ್ಬರು ಮೂವರ ಸಂಸಾರಕ್ಕೆ 3 ಲೀಟರ್, ನಾಲ್ಕೈದು ಮಂದಿಗೆ 5 ಲೀಟರ್ ಸಾಕು. ಕುಕ್ಕರಿನ ಮೇಲೆ ಐ.ಎಸ್.ಐ. ಗುರುತು ಇದೆಯೇ ನೋಡಿ. ಮನೆಬಳಕೆಯ ಕುಕ್ಕರಿಗೆ ಈ ಗುರುತು ಕಡ್ಡಾಯವೆಂದು ಕೇಂದ್ರ ಸರಕಾರವು 2020ರಲ್ಲಿ ಆದೇಶ ಹೊರಡಿಸಿದೆ. ಅಗ್ಗಕ್ಕೆ ಸಿಕ್ಕಿತೆಂದು ಗುರುತಿಲ್ಲದ್ದನ್ನು ಮನೆಗೆ ತರಬೇಡಿ.

ಅಲ್ಯೂಮಿನಿಯಂ ಹಗುರ, ಬೆಲೆ ಕಡಿಮೆ, ಬೇಗ ಕಾಯುತ್ತದೆ. ಆದರೆ ಹುಣಸೆ, ಟೊಮೆಟೊ ಹಾಕಿದ ಹುಳಿ ಪದಾರ್ಥವನ್ನು ಅದರಲ್ಲಿ ರಾತ್ರಿಯಿಡೀ ಬಿಡಬಾರದು. ಹುಳಿಯು ಲೋಹವನ್ನು ತಿನ್ನುತ್ತದೆ. ಸ್ಟೀಲಿಗೆ ಬೆಲೆ ಹೆಚ್ಚಾದರೂ ಈ ತೊಂದರೆಯಿಲ್ಲ. ಇಂಡಕ್ಷನ್ ಒಲೆಯಿದ್ದರೆ ಪಾತ್ರೆಯ ತಳಕ್ಕೆ ಅಯಸ್ಕಾಂತ ಹಿಡಿದು ನೋಡಿ. ಅಂಟಿಕೊಳ್ಳದಿದ್ದರೆ ಆ ಒಲೆಯ ಮೇಲೆ ಅದು ಕಾಯದು.

ಬಳಸುವಾಗ

ತೆರೆದ ಪಾತ್ರೆಯಲ್ಲಿ ನೀರು ಸುಮಾರು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ. ಆವಿಯನ್ನು ಒಳಗೇ ಹಿಡಿದಿಟ್ಟರೆ ಒತ್ತಡ ಏರಿ, ನೀರು ಸುಮಾರು 120 ಡಿಗ್ರಿಯವರೆಗೆ ಕಾಯುತ್ತದೆ. ಬೇಳೆ ಬೇಗ ಬೇಯುವ ಗುಟ್ಟು ಇದು. ಫ್ರಾನ್ಸಿನ ವಿಜ್ಞಾನಿ ಡೆನಿ ಪಾಪಿನ್ 1679ರಲ್ಲಿ ಇಂತಹ ಪಾತ್ರೆಯನ್ನು ಮಾಡಿ ತೋರಿಸಿದರು. ಪಾತ್ರೆ ಸಿಡಿಯದಂತೆ ಅದಕ್ಕೆ ಸೇಫ್ಟಿ ವಾಲ್ವನ್ನೂ ಅವರೇ ರೂಪಿಸಿದರು.

ಈ ನಾಲ್ಕು ಮಾತುಗಳನ್ನು ಮನೆಯವರೆಲ್ಲರೂ ತಿಳಿದಿರಲಿ:

1. ತರಕಾರಿಯನ್ನು ನೀರು ಸೇರಿ ಮುಕ್ಕಾಲಿಗಿಂತ ಕೆಳಗೆ, ಮೂರರಲ್ಲಿ ಎರಡು ಪಾಲಿನವರೆಗೆ ಮಾತ್ರ ತುಂಬಿಸಿ. ಅಕ್ಕಿ ಉಬ್ಬುವುದರಿಂದ, ಬೇಳೆಕಾಳು ನೊರೆ ಉಕ್ಕಿಸುವುದರಿಂದ ಅವು ಅರ್ಧವನ್ನು ಮೀರಬಾರದು. ನೀರಿಲ್ಲದೆ ಎಂದೂ ಒಲೆಗೆ ಇಡಬೇಡಿ.

2. ಮುಚ್ಚುವ ಮುನ್ನ ಮುಚ್ಚಳವನ್ನು ಬೆಳಕಿಗೆ ಹಿಡಿದು ಆವಿ ಹೋಗುವ ತೂತಿನಲ್ಲಿ ನೋಡಿ. ಬೇಳೆಯ ಸಿಪ್ಪೆ ಕೂತಿದ್ದರೆ ತೆಗೆಯಿರಿ. ಆವಿ ಸರಾಗವಾಗಿ ಬರತೊಡಗಿದ ಮೇಲೆ ವೆಯ್ಟ್ ಹಾಕಿ.

3. ಮೊದಲ ಕೂಗು ಕೇಳಿದೊಡನೆ ಉರಿ ಸಣ್ಣ ಮಾಡಿ. ದೊಡ್ಡ ಉರಿಯಿಂದ ಒಳಗಿನ ಬಿಸಿ ಹೆಚ್ಚುವುದಿಲ್ಲ. ಗ್ಯಾಸ್ ಖರ್ಚಾಗಿ ಆವಿ ಪೋಲಾಗುತ್ತದೆ, ಅಷ್ಟೇ. ಹುರಳಿ, ಕಡಲೆಯನ್ನು ರಾತ್ರಿಯೇ ನೆನೆಹಾಕಿದರೆ ಇನ್ನೂ ಉಳಿತಾಯ.

4. ಒಲೆ ಆರಿಸಿದ ಮೇಲೆ ಆವಿ ತಾನಾಗಿ ಇಳಿಯಲಿ. ಪೂಜೆಗೆ ಹೊತ್ತಾಯಿತೆಂದು ಮುಚ್ಚಳವನ್ನು ಬಲವಂತದಿಂದ ತೆಗೆಯಬೇಡಿ. ಆ ಐದು ಹತ್ತು ನಿಮಿಷದಲ್ಲಿ ಬೇಯುವ ಕೆಲಸವೂ ಮುಂದುವರಿಯುತ್ತದೆ.

ತೊಳೆದಿಡುವಾಗ

ಗ್ಯಾಸ್ಕೆಟನ್ನು ಪ್ರತಿದಿನ ಬಿಚ್ಚಿ ತೊಳೆದು ಒರೆಸಿ. ಮುಚ್ಚಳವನ್ನು ಬಿಗಿಯದೆ ಹಾಗೆಯೇ ಇಡಿ. ರಬ್ಬರು ಗಟ್ಟಿಯಾಗಿ ಪಕ್ಕದಿಂದ ಆವಿ ಹೋಗತೊಡಗಿದರೆ ಹೊಸದು ಹಾಕಿ. ನೀರು ಬತ್ತಿ ಕಾವು ಮಿತಿಮೀರಿದಾಗ ಸೇಫ್ಟಿ ವಾಲ್ವ್ ತಾನು ಕರಗಿ ಆವಿಯನ್ನು ಹೊರಗೆ ಬಿಡುತ್ತದೆ. ಒಮ್ಮೆ ಹೋದದ್ದನ್ನು ಮತ್ತೆ ಬಳಸಲಾಗದು. ಅದೇ ಕಂಪೆನಿಯ ಹೊಸ ವಾಲ್ವನ್ನೇ ಹಾಕಿಸಿ. ಬೇರೆ ಏನನ್ನೋ ತುರುಕಿ ತೂತು ಮುಚ್ಚುವುದು ಅಪಾಯವನ್ನು ಕೈಯಾರೆ ಕರೆದಂತೆ.

ಹಳೆಯದನ್ನು ಕೊಡುವಾಗ

ಮನೆಗೆ ಹೊಸ ಕುಕ್ಕರ್ ಬಂದಾಗ ಹಳೆಯದು ಎಲ್ಲಿಗೆ ಹೋಗುತ್ತದೆ? ಅನೇಕ ಸಲ ನಮ್ಮ ಮನೆಗೆಲಸಕ್ಕೆ ಬರುವ ತಾಯಿಯ ಕೈಗೆ. ಸಡಿಲ ಹಿಡಿ, ಸವೆದ ಗ್ಯಾಸ್ಕೆಟ್, ಹೋದ ವಾಲ್ವಿನೊಡನೆ ಅದನ್ನು ಕೊಟ್ಟು, ದಾನ ಮಾಡಿದೆವೆಂದು ನಾವು ನೆಮ್ಮದಿಯಾಗಿರುತ್ತೇವೆ. ನಮ್ಮ ಮಕ್ಕಳ ಬಳಿ ಇಡಲು ನಾವು ಹೆದರುವ ಪಾತ್ರೆ ಅವಳ ಮಕ್ಕಳ ಬಳಿ ಸುರಕ್ಷಿತವೇ? ಕನಿಷ್ಠರಿಗೆ ಮಾಡಿದ್ದು ತನಗೇ ಮಾಡಿದ್ದೆಂದು ಯೇಸುಸ್ವಾಮಿ ಹೇಳಿದ್ದಾರೆ. ಕೊಡುವುದಾದರೆ ಹೊಸ ಗ್ಯಾಸ್ಕೆಟ್, ಹೊಸ ವಾಲ್ವ್ ಹಾಕಿಸಿ, ಬಳಸುವ ಕ್ರಮವನ್ನೂ ಹೇಳಿ ಕೊಡಿ. ತಳ ಉಬ್ಬಿದ್ದರೆ, ಅಂಚು ಸೊಟ್ಟಗಾಗಿದ್ದರೆ ಗುಜರಿಗೆ ಹಾಕಿ.

ಕುಟುಂಬದಲ್ಲಿ ಚಿಂತಿಸಿರಿ

ಸಂತ ಲೂಕನ ಶುಭಸಂದೇಶದ 10ನೆಯ ಅಧ್ಯಾಯದಲ್ಲಿ (38–42) ಮಾರ್ತಳು ಕೆಲಸವೆಲ್ಲ ತನ್ನೊಬ್ಬಳ ಮೇಲೆ ಬಿತ್ತೆಂದು ದೂರುತ್ತಾಳೆ. ಇಂದು ರಾತ್ರಿ ಜಪಸರದ ನಂತರ ಆ ಭಾಗವನ್ನು ಒಟ್ಟಿಗೆ ಓದಿರಿ.

ನಮ್ಮ ಮನೆಯ ಮಾರ್ತಳು ಯಾರು? ಅವಳಿಗೂ ಪ್ರಭುವಿನ ಪಾದದ ಬಳಿ ಕೂರಲು ಬಿಡುವು ಸಿಗುತ್ತಿದೆಯೇ?

ಕುಕ್ಕರಿನ ವಾಲ್ವ್, ಗ್ಯಾಸ್ಕೆಟ್ ನೋಡುವ ಕೆಲಸ ಈ ಶನಿವಾರದಿಂದ ಯಾರ ಸರದಿ? ತಂದೆಯಿಂದಲೇ ಆರಂಭವಾಗಲಿ, ಮಕ್ಕಳು ನೋಡಿ ಕಲಿಯುತ್ತಾರೆ.