ಮರ ಹತ್ತುವ ಯಂತ್ರ: ಕಲಿತು ಹತ್ತೋಣ, ಕ್ಷೇಮವಾಗಿ ಇಳಿಯೋಣ



ನಮ್ಮ ಕರಾವಳಿಯಲ್ಲಿ ತೆಂಗಿನಕಾಯಿ ತಾನಾಗಿ ಉದುರುವ ತನಕ ಕಾಯುವ ಮನೆಗಳು ಎಷ್ಟೋ ಇವೆ. ಕಾರಣ ಎಲ್ಲರಿಗೂ ಗೊತ್ತು. ಮರ ಹತ್ತುವವರು ಸಿಗುವುದಿಲ್ಲ. ಹತ್ತುತ್ತಿದ್ದ ಹಿರಿಯರಿಗೆ ವಯಸ್ಸಾಯಿತು, ಅವರ ಮಕ್ಕಳು ಬೇರೆ ಕೆಲಸ ಹಿಡಿದರು. "ನಾಳೆ ಬರ್ತೇನೆ" ಅಂದವರು ತಿಂಗಳಾದರೂ ಬರುವುದಿಲ್ಲ.

ಈ ಕೆಲಸವನ್ನು ನಮ್ಮ ಸಂಘದ ಹೆಂಗಸರು ಮಾಡಬಹುದಾ? ಮಾಡಬಹುದು. ಕೇರಳದಲ್ಲೂ ನಮ್ಮಲ್ಲೂ ತರಬೇತಿ ಪಡೆದು ಯಂತ್ರದಲ್ಲಿ ಮರ ಹತ್ತುವ ಹೆಂಗಸರು ಇದ್ದಾರೆ. ಆದರೆ ಒಂದು ಮಾತನ್ನು ಮೊದಲೇ ಹೇಳಬೇಕು. ಮರದಿಂದ ಬಿದ್ದರೆ ಪ್ರಾಣ ಹೋಗಬಹುದು, ಇಲ್ಲವೇ ಬೆನ್ನುಹುರಿಗೆ ಪೆಟ್ಟಾಗಿ ಜೀವನವಿಡೀ ಹಾಸಿಗೆ ಹಿಡಿಯಬೇಕಾದೀತು. ಹಾಗಾಗಿ ಸಂಪಾದನೆಯ ಲೆಕ್ಕಕ್ಕಿಂತ ಮೊದಲು ಕ್ಷೇಮದ ಪಾಠ ಕಲಿಯೋಣ.

ಯಂತ್ರದ ಪರಿಚಯ

ಈಗ ಹೆಚ್ಚು ಬಳಕೆಯಲ್ಲಿರುವ ಯಂತ್ರವನ್ನು ಮೊದಲು ಮಾಡಿದವರು ಕೇರಳದ ಕಣ್ಣೂರು ಜಿಲ್ಲೆಯ ಚೆಂಬೇರಿಯ ಕೃಷಿಕ ಎಂ. ಜೆ. ಜೋಸೆಫ್. ಅದಕ್ಕೆ 'ಚೆಂಬೇರಿ ಮಾದರಿ' ಅಂತಲೇ ಹೆಸರು. ಇದರಲ್ಲಿ ನಿಂತುಕೊಂಡೇ ಹತ್ತುವುದು. ಕೂತುಕೊಂಡು ಹತ್ತುವ ಮಾದರಿಯೂ ಇದೆ. ಅದರಲ್ಲಿ ಸೈಕಲ್ಲಿನ ಹಾಗೆ ಒಂದು ಸೀಟು ಇರುತ್ತದೆ. ಎತ್ತರಕ್ಕೆ ಹೆದರುವವರಿಗೆ ಕೂರುವ ಮಾದರಿ ಧೈರ್ಯ ಕೊಡುತ್ತದೆ, ಆದರೆ ನಿಲ್ಲುವ ಮಾದರಿಯಷ್ಟು ಬೇಗ ಹತ್ತಲಿಕ್ಕೆ ಆಗುವುದಿಲ್ಲ.

ಅಡಿಕೆ ಮರಕ್ಕೆ ಬೇರೆಯೇ ಯಂತ್ರ ಬಂದಿದೆ. ಬಂಟ್ವಾಳ ತಾಲೂಕಿನ ಕೃಷಿಕ ಗಣಪತಿ ಭಟ್ಟರು ಮಾಡಿದ, ಪೆಟ್ರೋಲಿನಲ್ಲಿ ಓಡುವ 'ಮರ ಹತ್ತುವ ಬೈಕು' 2019ರಲ್ಲಿ ದೇಶದಲ್ಲೆಲ್ಲ ಸುದ್ದಿಯಾಯಿತು. ಇಂಜಿನು ಇರುವುದರಿಂದ ಅದಕ್ಕೆ ತೂಕವೂ ಹೆಚ್ಚು, ಬೆಲೆಯೂ ಹೆಚ್ಚು. ಸಂಘದಿಂದ ಶುರುಮಾಡುವವರಿಗೆ ಕೈಯಿಂದ ನಡೆಸುವ ಹಗುರ ಯಂತ್ರವೇ ಸಾಕು. ಒಂದು ತೋಟದಿಂದ ಇನ್ನೊಂದಕ್ಕೆ ಕೈಯಲ್ಲೇ ಹಿಡಿದುಕೊಂಡು ಹೋಗಬಹುದು.

ಅದು ಹೇಗೆ ಹಿಡಿದು ನಿಲ್ಲುತ್ತದೆ?

ಚೆಂಬೇರಿ ಯಂತ್ರಕ್ಕೆ ಎರಡು ಭಾಗ. ಎಡಗಾಲಿಗೆ ಒಂದು, ಬಲಗಾಲಿಗೆ ಒಂದು. ಪ್ರತಿ ಭಾಗಕ್ಕೂ ಮೇಲೆ ಹಿಡಿ, ಕೆಳಗೆ ಕಾಲಿಡುವ ಜಾಗ, ಮರವನ್ನು ಸುತ್ತುವ ಉಕ್ಕಿನ ತಂತಿಹಗ್ಗ ಇರುತ್ತದೆ. ಕಾಲಿನ ಮೇಲೆ ಭಾರ ಬಿಟ್ಟಾಗ ಹಗ್ಗ ಬಿಗಿಯಾಗಿ ಮರವನ್ನು ಹಿಡಿಯುತ್ತದೆ. ಭಾರ ತೆಗೆದಾಗ ಸಡಿಲವಾಗುತ್ತದೆ. ಆಗ ಆ ಭಾಗವನ್ನು ಕೈಯಿಂದ ಮೇಲೆ ಎತ್ತಬಹುದು. ಬಲಗಾಲಿನ ಮೇಲೆ ನಿಂತು ಎಡದ್ದನ್ನು ಎತ್ತುವುದು, ಎಡಗಾಲಿನ ಮೇಲೆ ನಿಂತು ಬಲದ್ದನ್ನು ಎತ್ತುವುದು. ಏಣಿ ಹತ್ತಿದ ಹಾಗೆಯೇ.

ಅಂದರೆ ಯಂತ್ರವನ್ನು ಮರದಲ್ಲಿ ನಿಲ್ಲಿಸುವುದು ನಮ್ಮ ಮೈಭಾರವೇ. ಒಂದು ಕಾಲು ಗಟ್ಟಿಯಾಗಿ ಊರುವ ಮೊದಲು ಇನ್ನೊಂದನ್ನು ಎತ್ತಲೇಬಾರದು. ಅವಸರ ಮಾಡುವವರು ಜಾರುವುದು ಇಲ್ಲೇ.

ಇನ್ನೊಂದು ವಿಷಯ. ತೆಂಗಿನ ಮರ ಬುಡದಲ್ಲಿ ದಪ್ಪ, ಮೇಲೆ ಹೋದಂತೆ ಸಪೂರ. ಬುಡದಲ್ಲಿ ಸರಿಯಾಗಿದ್ದ ಹಗ್ಗ ಮೇಲೆ ಸಡಿಲವಾಗಿ ಕಾಲಿಡುವ ಜಾಗ ಕೆಳಗೆ ವಾಲುತ್ತದೆ. ಆದ್ದರಿಂದ ಹೊರಡುವ ಮೊದಲೇ ಮರದ ಮೇಲ್ಭಾಗವನ್ನು ನೋಡಿ ಅಂದಾಜು ಮಾಡಿ ಹಗ್ಗದ ಉದ್ದ ಹೊಂದಿಸಬೇಕು. ಈ ಅಂದಾಜು ಓದಿ ಬರುವುದಿಲ್ಲ. ಕಲಿಸುವವರ ಎದುರಿನಲ್ಲಿ ಬೇರೆ ಬೇರೆ ಮರ ಹತ್ತಿಯೇ ಬರಬೇಕು.

ಬೆಲ್ಟು ಇಲ್ಲದೆ ಕಾಲು ನೆಲ ಬಿಡಬಾರದು

ಯಂತ್ರ ನಮ್ಮನ್ನು ಮೇಲೆ ಒಯ್ಯುತ್ತದೆ. ಬಿದ್ದರೆ ಹಿಡಿಯುವುದು ಬೆಲ್ಟು. ಇವೆರಡೂ ಬೇರೆ ಬೇರೆ. ಚೆಂಬೇರಿ ಯಂತ್ರದಲ್ಲಿ ಹಿಡಿ ತಪ್ಪಿದರೆ ಹಿಂದಕ್ಕೆ ಬೀಳುವ ಅಪಾಯ ಇದೆ. ಅದಕ್ಕೇ ಕಾಸರಗೋಡಿನ ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆಯವರು ಇದಕ್ಕೆ ಜೋಡಿಸುವ ಸುರಕ್ಷಾ ಸಾಧನ ತಯಾರಿಸಿದರು. ಹಳೆಯ ಯಂತ್ರ ಕೊಳ್ಳುವಾಗ ಅಂಥ ಸಾಧನ ಇದೆಯಾ ಅಂತ ಕೇಳಿ.

ಹೆಗಲು, ಸೊಂಟ, ತೊಡೆ ಮೂರನ್ನೂ ಹಿಡಿಯುವ ಬೆಲ್ಟು ಒಳ್ಳೆಯದು. ಬರೇ ಸೊಂಟದ ಪಟ್ಟಿಯಲ್ಲಿ ಬಿದ್ದರೆ ಹೊಟ್ಟೆಗೆ, ಬೆನ್ನಿಗೆ ಪೆಟ್ಟಾಗುತ್ತದೆ. ಬೆಲ್ಟಿನ ಹಗ್ಗವನ್ನು ನೆಲದಲ್ಲಿ ನಿಂತಿರುವಾಗಲೇ ಮರಕ್ಕೆ ಸುತ್ತಿ ಕೊಕ್ಕೆ ಹಾಕಬೇಕು. ಇಳಿದು ಎರಡೂ ಕಾಲು ನೆಲಕ್ಕೆ ತಾಗಿದ ಮೇಲೆಯೇ ಬಿಚ್ಚಬೇಕು. ತೆಂಗಿಗೆ ಕೊಂಬೆ ಇಲ್ಲ, ಹಾಗಾಗಿ ಹಗ್ಗವನ್ನು ಬಿಚ್ಚದೆ ಮಂಡೆಯ ತನಕ ಸರಿಸಿಕೊಂಡು ಹೋಗಬಹುದು. ಹಗ್ಗ ಯಾವಾಗಲೂ ಸೊಂಟಕ್ಕಿಂತ ಮೇಲಿರಲಿ. ಕೆಳಗಿದ್ದರೆ ಬೀಳುವ ದೂರ ಹೆಚ್ಚು, ಪೆಟ್ಟೂ ಹೆಚ್ಚು.

ಹತ್ತುವ ಮೊದಲು ನೋಡಬೇಕಾದ್ದು

1. ತಂತಿಹಗ್ಗದ ಎಳೆ ತುಂಡಾಗಿದೆಯಾ, ತುಕ್ಕು ಹಿಡಿದಿದೆಯಾ, ರಬ್ಬರು ಸವೆದಿದೆಯಾ, ಬೋಲ್ಟು ಸಡಿಲವಾಗಿದೆಯಾ ಅಂತ ದಿನಾ ನೋಡಿ. ಸಂಶಯ ಇದ್ದರೆ ಆ ದಿನ ಯಂತ್ರ ಬಳಸಬೇಡಿ.
2. ಮರದ ಸುತ್ತ ಒಂದು ಸುತ್ತು ಬನ್ನಿ. ಬುಡ ಕೊಳೆತಿದ್ದರೆ, ಕಾಂಡದಲ್ಲಿ ಕೆಂಪು ಮೂತಿ ಹುಳುವಿನ ತೂತು ಇದ್ದರೆ, ಸುಳಿ ಒಣಗಿದ್ದರೆ ಹತ್ತಬೇಡಿ.
3. ಕಣಜದ ಗೂಡು, ಕೆಂಪಿರುವೆ ಕೊಟ್ಟೆ ಇದೆಯಾ ನೋಡಿ. ಮೇಲೆ ಹೋದ ಮೇಲೆ ಓಡಲಿಕ್ಕೆ ಜಾಗ ಇಲ್ಲ.
4. ಮಳೆ ಬಂದು ಮರ ಪಾಚಿಗಟ್ಟಿದಾಗ, ಜೋರು ಗಾಳಿ ಇರುವಾಗ, ಸಿಡಿಲಿನ ಹೊತ್ತಿನಲ್ಲಿ ಕೆಲಸ ಬೇಡ.
5. ಸೀರೆ, ದುಪಟ್ಟಾ, ಉದ್ದ ಸರ ಬೇಡ. ಪ್ಯಾಂಟು ಅಥವಾ ಚೂಡಿದಾರದ ಪ್ಯಾಂಟಿಗೆ ಗಿಡ್ಡ ಅಂಗಿ, ಕಾಲಿಗೆ ಶೂ ಇರಲಿ.
6. ಕತ್ತಿಯನ್ನು ದಾರದಿಂದ ಸೊಂಟಕ್ಕೆ ಕಟ್ಟಿಕೊಳ್ಳಿ. ಬೆಲ್ಟಿನ ಹಗ್ಗ ಇರುವ ಕಡೆಗೆ ಕತ್ತಿ ಬೀಸಬೇಡಿ.
7. ಒಬ್ಬರೇ ಹೋಗಬೇಡಿ. ಕೆಳಗೆ ಒಬ್ಬರು ಇರಲೇಬೇಕು. ಅವರು ಕಾಯಿ ಬೀಳುವ ಜಾಗದಿಂದ ದೂರ ನಿಲ್ಲಲಿ, ಮಕ್ಕಳನ್ನೂ ದನಗಳನ್ನೂ ಹತ್ತಿರ ಬಿಡದಿರಲಿ.
8. ಗರ್ಭಿಣಿಯರು, ತಲೆ ಸುತ್ತು, ಮೂರ್ಛೆರೋಗ, ಹೃದಯದ ತೊಂದರೆ ಇರುವವರು ಹತ್ತಬಾರದು. ಹುಷಾರಿಲ್ಲದ ದಿನ "ಇವತ್ತು ನನ್ನಿಂದ ಆಗುವುದಿಲ್ಲ" ಅನ್ನಲು ಸಂಕೋಚ ಬೇಡ. ಹಾಗೆ ಹೇಳಿದವರನ್ನು ಯಾರೂ ತಮಾಷೆ ಮಾಡಬಾರದು.

ದೋಟಿ ಮತ್ತು ಕರೆಂಟು

ಕೆಲವು ಕಡೆ ನೆಲದಲ್ಲಿ ನಿಂತೇ ಅಡಿಕೆ ಕೊಯ್ಯುವ, ಔಷಧಿ ಬಿಡುವ ಕಾರ್ಬನ್ ಫೈಬರ್ ದೋಟಿ ಬಂದಿದೆ. ಉದ್ದ ಇದ್ದರೂ ಹಗುರ, ಬೀಳುವ ಭಯವೂ ಇಲ್ಲ. ಆದರೆ 'ಫೈಬರ್' ಅಂದ ಕೂಡಲೇ ಪ್ಲಾಸ್ಟಿಕ್ಕಿನ ಹಾಗೆ ಕರೆಂಟು ಹೊಡೆಯುವುದಿಲ್ಲ ಅಂತ ತಿಳಿಯಬೇಡಿ. ಕಾರ್ಬನ್ನಿನಲ್ಲಿ ಕರೆಂಟು ಹರಿಯುತ್ತದೆ. ಅಲ್ಯೂಮಿನಿಯಂ ದೋಟಿಯಲ್ಲೂ ಹಾಗೆಯೇ. ಕರೆಂಟಿನ ಲೈನು ಹತ್ತಿರ ಇರುವ ಮರಕ್ಕೆ ದೋಟಿಯೂ ಬೇಡ, ಯಂತ್ರವೂ ಬೇಡ. ಲೈನು ಆಫ್ ಮಾಡಿಸಿದ ಮೇಲೆಯೇ ಕೆಲಸ.

ಸಂಘದ ಲೆಕ್ಕ

ಈಗ ಸಂಪಾದನೆಗೆ ಬರೋಣ. ಮರಕ್ಕೆ 50 ರೂಪಾಯಿ ಅಂತ ಇಟ್ಟುಕೊಳ್ಳೋಣ. ಇದು ಬರೇ ಲೆಕ್ಕ ಕಲಿಯಲಿಕ್ಕೆ ಹಿಡಿದ ದರ, ನಿಮ್ಮ ಊರಿನ ದರ ನೀವೇ ಕೇಳಿ ಹಾಕಿ. ಮೂವರ ತಂಡ, ದಿನಕ್ಕೆ 20 ಮರ, ಒಟ್ಟು 1,000 ರೂಪಾಯಿ. ತಲಾ 300ರಂತೆ 900 ಹಂಚಿ, ಉಳಿದ 100 ರೂಪಾಯಿಯನ್ನು 'ಯಂತ್ರ ನಿಧಿ' ಅಂತ ಬೇರೆ ಇಡಿ. ತಿಂಗಳಿಗೆ 8 ದಿನ ಕೆಲಸ ಮಾಡಿದರೆ ನಿಧಿಗೆ 800 ರೂಪಾಯಿ. ಹಗ್ಗ, ಬೆಲ್ಟು ಹಳತಾದಾಗ ಹೊಸದು ತರಲಿಕ್ಕೆ, ವಿಮೆ ಕಟ್ಟಲಿಕ್ಕೆ ಈ ಹಣ. ಇದನ್ನು ಬೇರೆ ಸಾಲಕ್ಕೆ ಕೊಡಬೇಡಿ.

ಹತ್ತಿದವರಿಗೂ ಕೆಳಗೆ ನಿಂತವರಿಗೂ ಸಮ ಪಾಲು ಇರಲಿ. ಪಾಲು ಕಡಿಮೆ ಅಂದರೆ ಕೆಳಗೆ ನಿಲ್ಲಲು ಯಾರೂ ಬರುವುದಿಲ್ಲ, ಆಮೇಲೆ ಒಬ್ಬರೇ ಹೋಗುವ ಅಭ್ಯಾಸ ಶುರುವಾಗುತ್ತದೆ.

ಎಷ್ಟು ಮರ ಬೇಕು? ತಿಂಗಳಿಗೆ 160 ಮರ ಹತ್ತುತ್ತೀರಿ. ಒಂದು ಮರದ ಕಾಯಿ 45 ದಿನಕ್ಕೊಮ್ಮೆ ಕೀಳುವುದಾದರೆ ಒಟ್ಟು 240 ಮರ ನಿಮ್ಮ ಪಟ್ಟಿಯಲ್ಲಿರಬೇಕು. ಮನೆಗೆ 8 ಮರ ಅಂದರೆ 30 ಮನೆ. ಯಂತ್ರ ಕೊಳ್ಳುವ ಮೊದಲು ಈ 30 ಮನೆಯವರನ್ನು ಕಂಡು ಮಾತಾಡಿ. ಮಳೆಗಾಲದಲ್ಲಿ ಕೆಲಸ ಕಡಿಮೆ ಅನ್ನುವುದನ್ನೂ ಲೆಕ್ಕಕ್ಕೆ ಸೇರಿಸಿ. ಮಂಡೆ ಶುಚಿ ಮಾಡುವುದು, ಕುರುವಾಯಿ ದುಂಬಿ ಇದ್ದರೆ ತೆಗೆಯುವುದು ಇದನ್ನೂ ಕಲಿತರೆ ಅದಕ್ಕೆ ಬೇರೆ ಕೂಲಿ ಕೇಳಬಹುದು.

ತರಬೇತಿ ಮತ್ತು ವಿಮೆ

ತೆಂಗು ಅಭಿವೃದ್ಧಿ ಮಂಡಳಿಯವರು 2011ರಲ್ಲಿ ಕೇರಳದಲ್ಲಿ 'ತೆಂಗಿನ ಮರದ ಗೆಳೆಯರು' ಅನ್ನುವ ಆರು ದಿನದ ತರಬೇತಿ ಶುರುಮಾಡಿದರು. ಅನಂತರ ನಮ್ಮ ರಾಜ್ಯದಲ್ಲೂ ನಡೆಯಿತು. ಯಂತ್ರ ಬಳಸುವುದರ ಜೊತೆಗೆ ಮರದ ಆರೈಕೆ, ರೋಗದ ಗುರುತು ಇವನ್ನೂ ಕಲಿಸುತ್ತಾರೆ. ಮುಂದಿನ ತರಬೇತಿ ಯಾವಾಗ, ಯಂತ್ರ ಉಚಿತವಾಗಿ ಸಿಗುತ್ತದಾ ಅಂತ ನಿಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಅಥವಾ ತೋಟಗಾರಿಕೆ ಇಲಾಖೆಯಲ್ಲಿ ವಿಚಾರಿಸಿ.

ಮಂಡಳಿಯ 'ಕೇರ ಸುರಕ್ಷಾ' ವಿಮೆ ಮರ ಹತ್ತುವವರಿಗಾಗಿಯೇ ಇರುವುದು. ಕಂತಿನ ದೊಡ್ಡ ಪಾಲನ್ನು ಮಂಡಳಿ ಕಟ್ಟುತ್ತದೆ, ಉಳಿದದ್ದು ನಾವು ಕಟ್ಟಬೇಕು. ವರ್ಷಕ್ಕೊಮ್ಮೆ ನವೀಕರಿಸಬೇಕು. ಮೊತ್ತ ಬದಲಾಗುತ್ತಾ ಇರುತ್ತದೆ, ಆದ್ದರಿಂದ ಈ ವರ್ಷದ್ದು ಕೇಳಿಯೇ ಕಟ್ಟಿ. ವಿಮೆ ಮುಗಿಯುವ ತಾರೀಕನ್ನು ಸಂಘದ ಪುಸ್ತಕದಲ್ಲಿ ಬರೆದಿಡಿ.

ಏನಾದರೂ ಆದರೆ

ಬಿದ್ದವರನ್ನು ಎಬ್ಬಿಸಿ ಕೂರಿಸಬೇಡಿ, ನೀರು ಕುಡಿಸಬೇಡಿ. ಕುತ್ತಿಗೆ, ಬೆನ್ನು ಅಲುಗಾಡದ ಹಾಗೆ ಮಲಗಿದಲ್ಲೇ ಇರಲಿ. ರಕ್ತ ಹೋಗುತ್ತಿದ್ದರೆ ಬಟ್ಟೆಯಿಂದ ಒತ್ತಿ ಹಿಡಿದು 108ಕ್ಕೆ ಫೋನು ಮಾಡಿ. ರಿಕ್ಷಾದಲ್ಲಿ ಮಡಚಿ ಕೂರಿಸಿ ಒಯ್ಯುವುದರಿಂದ ಬೆನ್ನುಹುರಿಗೆ ಇನ್ನಷ್ಟು ಹಾನಿಯಾಗಬಹುದು. ಬೆಲ್ಟಿನಲ್ಲೇ ಮೇಲೆ ನೇತಾಡುತ್ತಿದ್ದರೆ ತಡಮಾಡದೆ ಇಳಿಸಬೇಕು, ತುಂಬ ಹೊತ್ತು ನೇತಾಡುವುದೂ ಅಪಾಯ. ಇಳಿಸುವ ಕ್ರಮವನ್ನು ತರಬೇತಿಯಲ್ಲೇ ಕೇಳಿ ಕಲಿಯಿರಿ.

"ಹೆಂಗಸರು ಮರ ಹತ್ತುವುದಾ?" ಅಂತ ಹೇಳುವವರು ಹೇಳಲಿ. ಅವರ ಮನೆಯ ಕಾಯಿಯೂ ಕೀಳಬೇಕಲ್ಲ! ಆದರೆ ಅವರಿಗೆ ತೋರಿಸಬೇಕು ಅಂತ ಬೆಲ್ಟು ಬಿಟ್ಟು ಹತ್ತುವುದು ಬೇಡ.

ಸಭೆಯಲ್ಲಿ ಚರ್ಚಿಸಿ

1. ನಮ್ಮ ವಾರ್ಡಿನಲ್ಲಿ ಮರ ಹತ್ತುವವರಿಲ್ಲದ ಮನೆಗಳು ಎಷ್ಟು? ಒಟ್ಟು ಮರ ಎಷ್ಟು?
2. ನಮ್ಮ ಸಂಘದಿಂದ ತರಬೇತಿಗೆ ಯಾರು ಹೋಗಬಹುದು? ಮನೆಯವರ ಜೊತೆ ಮಾತಾಡಿದ್ದಾರಾ?
3. ಯಂತ್ರ ಯಾರ ಮನೆಯಲ್ಲಿರಬೇಕು, ದಿನಾ ಪರೀಕ್ಷೆ ಮಾಡಿ ಸಹಿ ಹಾಕುವವರು ಯಾರು?
4. "ಬೆಲ್ಟು ಇಲ್ಲದೆ, ಜೊತೆಗಾರರಿಲ್ಲದೆ, ವಿಮೆ ಇಲ್ಲದೆ ಯಾರೂ ಹತ್ತಬಾರದು" ಅಂತ ನಿರ್ಣಯ ಬರೆದು ಎಲ್ಲರೂ ಸಹಿ ಹಾಕೋಣವೇ?