ಬೇಗನೆ ಕಣ್ಣು ತುಂಬುವ ಮಗು

ಸಣ್ಣ ಗದರಿಕೆಗೂ ಕಣ್ಣು ತುಂಬಿಕೊಳ್ಳುವ, ಪಟಾಕಿ ಸದ್ದಿಗೆ ಕಿವಿ ಮುಚ್ಚಿ ಒಳಗೋಡುವ ಮಗು ನಿಮ್ಮ ಮನೆಯಲ್ಲಿದೆಯೇ? ‘ಅಳುಮುಂಜಿ’ ಎಂದು ಹೀಯಾಳಿಸದಿರಿ. ಈ ಸೂಕ್ಷ್ಮ ಸ್ವಭಾವ ಕಾಯಿಲೆಯಲ್ಲ, ಹಟವೂ ಅಲ್ಲ.

ಅಮೆರಿಕದ ಮನಶ್ಶಾಸ್ತ್ರಜ್ಞ ಜೆರೋಮ್ ಕೇಗನ್ ನಾಲ್ಕು ತಿಂಗಳ ಹಸುಳೆಗಳನ್ನು ಪರೀಕ್ಷಿಸಿದಾಗ, ಸುಮಾರು ಐದರಲ್ಲೊಂದು ಮಗು ಹೊಸ ಸದ್ದು, ವಾಸನೆ, ಆಟಿಕೆಗಳಿಗೆ ಕೈಕಾಲು ಬಡಿದು ಅತ್ತಿತು. ಅಷ್ಟು ಎಳೆಯ ಕೂಸಿಗೆ ಹಟ ಕಲಿಸಿದವರಾರು? ಬ್ರಿಟನ್ನಿನ ಹದಿಹರೆಯದ ಅವಳಿಗಳ ಕುರಿತು 2020ರಲ್ಲಿ ಪ್ರಕಟವಾದ ಅಧ್ಯಯನವು, ಸೂಕ್ಷ್ಮತೆಯಲ್ಲಿ ಒಬ್ಬರಿಗೂ ಇನ್ನೊಬ್ಬರಿಗೂ ಇರುವ ವ್ಯತ್ಯಾಸದಲ್ಲಿ ಶೇ. 47ರಷ್ಟು ವಂಶವಾಹಿಗಳಿಂದ, ಉಳಿದದ್ದು ಪರಿಸರದಿಂದ ಎಂದು ತಿಳಿಸಿತು.

ಹುಟ್ಟಿನಿಂದ ಬಂದದ್ದನ್ನು ಬದಲಿಸಲಾರೆವು. ಮನೆಯ ಮಾತನ್ನು ಬದಲಿಸಬಲ್ಲೆವು. ಇಂಥ ಮಕ್ಕಳಿಗೆ ಬೈಗುಳ ಆಳವಾಗಿ ನಾಟುವಂತೆ ಪ್ರೀತಿಯೂ ನಾಟುತ್ತದೆ. ಇಂದು ರಾತ್ರಿ ಊಟದ ಬಳಿಕ ಆ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೆಲ್ಲನೆ ಮಾತಾಡಿಸಿ.