ಸಪ್ಪಳಿಲ್ಲದ ಎಚ್ಚರ

ಪ್ರಶ್ನೆ: ನಾನು ಸುರಪುರದಾಕಿ. ಮದುವಿ ಆಗಿ ಯಾದಗಿರಿಗಿ ಬಂದೀನ್ರಿ, ಮನಿ ಸ್ಟೇಷನ್ ಹಿಂದ. ಮೊದಮೊದಲು ಗಾಡಿ ಸಪ್ಪಳಕ್ಕ ನಿದ್ದಿನೇ ಹತ್ತತಿರಲಿಲ್ಲ. ಈಗ ಗೂಡ್ಸ್ ಗಾಡಿ ಹೋದ್ರೂ ಎಚ್ಚರಾಗಂಗಿಲ್ಲ. ಆದ್ರ ಒಮ್ಮೊಮ್ಮೆ ನಡುರಾತ್ರಿ ಯಾ ಸಪ್ಪಳೂ ಇಲ್ದ ಥಟ್ಟನ ಎಚ್ಚರಾಗ್ತದ. ಏನೋ ಬದಲಾಗ್ಯದ ಅನಸ್ತದ, ಏನಂತ ತಿಳಿವಲ್ದು. ಅತ್ತಿ ಗಾಳಿ ಸೋಕ್ಯದ, ತಾಯತ ಕಟ್ಟಸಮು ಅಂತಾರ. ನನಗ ತಲಿ ಕೆಟ್ಟದೇನ್ರಿ?
ಹೆಸರು ಬ್ಯಾಡ, ಯಾದಗಿರಿ

ಉತ್ತರ: ಇಲ್ಲಮ್ಮ, ತಲೆ ಕೆಟ್ಟಿಲ್ಲ. ಎಚ್ಚರವಾದಾಗ ಒಂದು ಸಲವಾದರೂ ತಲೆಯೆತ್ತಿ ಫ್ಯಾನ್ ನೋಡಿದ್ದೀರಾ? ಕರೆಂಟ್ ಹೋಗಿ ನಿಂತಿರಬಹುದು. ಇಲ್ಲವೇ ದಿನಾ ಆ ಹೊತ್ತಿಗೆ ಹಾಯುವ ಗಾಡಿ ಅವತ್ತು ಬಂದಿರಲಿಕ್ಕಿಲ್ಲ.

ನಿದ್ದೆಯಲ್ಲಿ ಕಣ್ಣು ಮುಚ್ಚುತ್ತದೆ, ಕಿವಿ ಮುಚ್ಚುವುದಿಲ್ಲ. ಸುರಪುರದಲ್ಲಿ ರೈಲೇ ಇಲ್ಲ. ಹಾಗಾಗಿ ಮೊದಲು ಪ್ರತಿ ಗಾಡಿಯೂ ನಿಮ್ಮ ಮೆದುಳಿಗೆ ಹೊಸದು. ದಿನ ಕಳೆದಂತೆ ಅದು ಆ ಸದ್ದುಗಳ ಲೆಕ್ಕ ಹಿಡಿಯಿತು. ಲೆಕ್ಕ ತಪ್ಪಿದಾಗ ಮಾತ್ರ ಈಗ ಎಬ್ಬಿಸುತ್ತದೆ. ಬರಬೇಕಾದ ಸದ್ದು ಬರದಿದ್ದರೂ ಲೆಕ್ಕ ತಪ್ಪಿದಂತೆಯೇ.

ಫಿನ್ಲೆಂಡಿನ ರಿಸ್ಟೊ ನ್ಯಾಟ್ಯಾನೆನ್ 1978ರಲ್ಲಿ ಇದನ್ನು ಮೆದುಳಿನ ಅಲೆಗಳಲ್ಲಿ ಗುರುತಿಸಿದರು. ಒಂದೇ ಸದ್ದು ಮತ್ತೆ ಮತ್ತೆ ಕೇಳಿಸಿ ನಡುವೆ ತುಸು ಬೇರೆಯದನ್ನು ತೂರಿಸಿದರೆ, ಅತ್ತ ಗಮನವೇ ಕೊಡದೆ ಪುಸ್ತಕ ಓದುತ್ತ ಕೂತವರಲ್ಲೂ ಸೆಕೆಂಡಿನ ಐದನೇ ಒಂದು ಭಾಗದ ಆಸುಪಾಸಿನಲ್ಲಿ ಅಲೆ ಬದಲಾಗುತ್ತದೆ. ಕೋಮಾದಲ್ಲಿರುವ ಕೆಲವರಲ್ಲೂ ಕಾಣುತ್ತದೆ. ಕಂಡರೆ ವೈದ್ಯರಿಗೆ ಭರವಸೆ.

ಕಾರ್ಲ್ ಪ್ರಿಬ್ರಮ್ ಎಂಬ ಮೆದುಳುತಜ್ಞರು ಒಂದು ಪ್ರಸಂಗ ಹೇಳುತ್ತಿದ್ದರು. ನ್ಯೂಯಾರ್ಕಿನಲ್ಲಿ ಬೀದಿಯ ಮೇಲೆ ಎತ್ತರದಲ್ಲಿ ಓಡುತ್ತಿದ್ದ ರೈಲು ನಿಂತುಹೋದ ಮೇಲೆ, ಅಲ್ಲಿನವರು ರಾತ್ರಿ ಪೊಲೀಸರಿಗೆ ಫೋನ್ ಮಾಡುತ್ತಿದ್ದರಂತೆ: ಏನೋ ಆಗಿದೆ, ಏನೆಂದು ಗೊತ್ತಿಲ್ಲ. ಫೋನ್ ಬರುತ್ತಿದ್ದುದು ಹಳೆಯ ಗಾಡಿಯ ವೇಳೆಗೇ! ನೀವು ಬರೆದದ್ದೂ ಅದನ್ನೇ.

ಮೆದುಳು ಹೇಳುವುದು 'ಬೇರೆ ಆಗಿದೆ' ಅಂತಷ್ಟೇ. 'ಕೆಟ್ಟದ್ದಾಗಿದೆ' ಅಂತ ಸೇರಿಸುವುದು ಭಯ. ಎಚ್ಚರವಾದಾಗ ಫ್ಯಾನ್ ನೋಡಿ, ಗಡಿಯಾರ ನೋಡಿ, ಬೆಳಿಗ್ಗೆ ಕ್ಯಾಲೆಂಡರಿನ ಮೇಲೆ ಗುರುತು ಹಾಕಿ. ಮೊಬೈಲ್ ಮಾತ್ರ ಮುಟ್ಟಬೇಡಿ.

ಅತ್ತೆಯವರ ಜೊತೆ ವಾದ ಬೇಡ. ತಾಯತದಿಂದ ಅವರಿಗೆ ಸಮಾಧಾನವಾದರೆ ಆಗಲಿ; ಸಾವಿರಗಟ್ಟಲೆ ಕೇಳುವವರ ಹತ್ತಿರ ಹೋಗಬೇಡಿ. ತೊಟ್ಟಿಲ ಕೂಸು ಮಿಸುಕಿದರೆ ತಮಗೆ ಹೇಗೆ ಎಚ್ಚರವಾಗುತ್ತಿತ್ತು ಅಂತ ಅವರನ್ನೇ ಒಮ್ಮೆ ಕೇಳಿ.

ಎದೆ ಹೊಡೆದುಕೊಂಡು ಮತ್ತೆ ನಿದ್ದೆಯೇ ಬಾರದೆ, ವಾರಕ್ಕೆ ಮೂರು ರಾತ್ರಿಯಾದರೂ ಹೀಗಾಗುತ್ತಿದ್ದರೆ, ಅಥವಾ ಯಾರೂ ಇಲ್ಲದಾಗ ಮಾತು ಕೇಳಿಸಿದರೆ, ಜಿಲ್ಲಾ ಆಸ್ಪತ್ರೆಗೆ ಹೋಗಿ ತೋರಿಸಿ. ಹೊರಡುವುದು ಕಷ್ಟವಾದರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು, ನಡುರಾತ್ರಿಯಲ್ಲೂ ಎತ್ತುತ್ತಾರೆ.